ಸದ್ಭಾವನೆಯ ನಾಯಿ

ನನ್ನ ಸೋದರತ್ತೆಯ ಕೈಗೆ ಸಿಗುವುದಕ್ಕಿಂತ ಬೀದಿನಾಯಿಯ ಬಾಯಿಗೆ ಸಿಗುವುದು ವಾಸಿ ಎಂದು ನಾನು ಬಹಳ ವರ್ಷ ನಂಬಿದ್ದೆ. ನಾಯಿ ಕಚ್ಚಿದರೂ ಆಮೇಲೆ ಬಿಡುತ್ತದೆ. ಅತ್ತೆ ಬಿಡುವುದಿಲ್ಲ. ಜೀವಮಾನವಿಡೀ ಶಾಲೆಯಲ್ಲಿ ಕನ್ನಡ ವ್ಯಾಕರಣ ಕಲಿಸಿ ನಿವೃತ್ತಳಾದವಳು. ನಿವೃತ್ತಿಯ ಆದೇಶ ಮಾತ್ರ ಇನ್ನೂ ಅವಳ ನಾಲಿಗೆಗೆ ತಲುಪಿಲ್ಲ. ಬಸ್ಸಿನಲ್ಲಿ ಕಂಡಕ್ಟರ್ "ಟಿಕೆಟ್ ಆಗ್ಯಾವೇನ್ರಿ?" ಎಂದರೆ, "ತಾವಾಗೇ ಹ್ಯಾಂಗ ಆಗ್ತಾವಪ್ಪ? ನೀ ಕೊಡಬೇಕು, ನಾವು ತಗೋಬೇಕು" ಎನ್ನುತ್ತಾಳೆ. ಕೆಲಸ ಯಾರು ಮಾಡಿದರು ಎಂದು ಹೇಳದ ಮಾತು ಕೇಳಿದರೆ ಅವಳಿಗೆ ಮೈಮೇಲೆ ಹುಳ ಹರಿದಂತಾಗುತ್ತದೆ. ಇಂಥವಳು ಪುರಸಭೆಯ ಮೆಟ್ಟಿಲು ಹತ್ತಿದರೆ ಏನಾಗಬೇಡ?

ಊರಿನ ಹೆಸರು ಹೇಳುವುದಿಲ್ಲ. ಹೇಳಿದರೆ ನಮ್ಮ ನಳಕ್ಕೆ ನೀರು ಬರುವುದು ನಿಂತೀತು. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ, ಇವುಗಳ ನಡುವೆ ಎಲ್ಲೋ ಇರುವ ಊರು ಎಂದುಕೊಳ್ಳಿ. ಯಾವ ಕಡೆಯಿಂದ ಬಂದರೂ ಮೊದಲು ಕಾಣುವುದು ಕಸದ ಗುಡ್ಡೆ, ಆಮೇಲೆ ಅದರ ಮೇಲಿನ ನಾಯಿಗಳು, ಆಮೇಲೆ ಸ್ವಾಗತದ ಕಮಾನು.

ಅತ್ತೆಯ ಪಕ್ಕದ ಮನೆ ಕಾಶಿಬಾಯಿಯದು. ಗಂಡ ತೀರಿಕೊಂಡ ಮೇಲೆ ಜೋಳದ ರೊಟ್ಟಿ ಬಡಿದು ಖಾನಾವಳಿಗಳಿಗೆ ಕೊಟ್ಟು ಬದುಕುತ್ತಿದ್ದಾಳೆ. ಕಳೆದ ಬೇಸಿಗೆಯಲ್ಲಿ ಒಂದು ಬೆಳಿಗ್ಗೆ ರೊಟ್ಟಿಯ ಬುಟ್ಟಿ ಹೊತ್ತು ಹೊರಟಾಗ ಆ ಗುಡ್ಡೆಯ ನಾಯಿಗಳು ಅವಳನ್ನು ಮುತ್ತಿದವು. ಬುಟ್ಟಿ ಕಾಪಾಡಲು ಹೋಗಿ ಬಲಗೈಯನ್ನೇ ಕೊಟ್ಟಳು. ಅಂಗೈ ಹರಿದಿತ್ತು. ಅತ್ತೆ ಅವಳನ್ನು ಆಟೋದಲ್ಲಿ ಆಸ್ಪತ್ರೆಗೆ ಕರೆದೊಯ್ದರೆ ಅಲ್ಲಿ ಇಂಜೆಕ್ಷನ್ ಖಾಲಿಯಾಗಿತ್ತು. ಖಾಲಿ ಮಾಡಿದವರು ಯಾರೆಂದು ಕೇಳಲು ಅವತ್ತು ಅತ್ತೆಗೂ ಪುರುಸೊತ್ತಿರಲಿಲ್ಲ. ಅದೇ ಆಟೋದಲ್ಲಿ ಬಸ್ ಸ್ಟ್ಯಾಂಡಿಗೆ, ಅಲ್ಲಿಂದ ಬಸ್ಸಿನಲ್ಲಿ ಕಲಬುರಗಿಗೆ. ಜೀವ ಉಳಿಯಿತು. ಎರಡು ಬೆರಳು ಮಡಚಲು ಬಾರದಂತಾದವು.

ಕಾಶಿಬಾಯಿ ಎದ್ದು ಓಡಾಡುವಂತಾದ ಕೂಡಲೇ ಅತ್ತೆ ಅವಳನ್ನು ಪುರಸಭೆಗೆ ಹೊರಡಿಸಿದಳು. ಛತ್ರಿ ಹಿಡಿಯುವ ಕೆಲಸ ನನ್ನದು.

ಮುಖ್ಯಾಧಿಕಾರಿ ಸಭ್ಯ ಮನುಷ್ಯ. "ಬರ್ರಿ ಅಕ್ಕೋರ, ಕುಂದ್ರಿ" ಎಂದು ಚಹಾ ತರಿಸಿದರು. ಕಟ್ಟು ಹಾಕಿದ ಕೈ ನೋಡಿ ಲೊಚಗುಟ್ಟಿದರು.

"ಭಾಳ ಕೆಟ್ಟ ಘಟನಾ ನಡದದ ನೋಡ್ರಿ."

"ಘಟನಾ ನಡದಿಲ್ರಿ, ನಾಯಿ ಕಚ್ಯಾವ," ಎಂದಳು ಅತ್ತೆ. "ಆ ಕಸ ಯಾರು ಎತ್ತಬೇಕಿತ್ತು? ಆ ನಾಯಿ ಯಾರು ಹಿಡಿಬೇಕಿತ್ತು?"

"ಟೆಂಡರ್ ಕರೆಯಲಾಗಿತ್ರಿ, ಯಾರೂ ಬರಲಿಲ್ಲ. ನಾಯಿ ಕೊಲ್ಲಾಕ ಕಾನೂನಿಲ್ಲ."

"ಕೊಲ್ರಿ ಅಂತ ಯಾರು ಅಂದ್ರು? ಹಿಡೀರಿ, ಆಪರೇಷನ್ ಮಾಡಸ್ರಿ, ಲಸಿಕೆ ಹಾಕಸ್ರಿ ಅಂತ ಓಣಿಯವ್ರೆಲ್ಲ ಬಂದು ಹೇಳಿ ಹೋಗಿದ್ವಿ. ಈಗ ಈಕಿ ಕೈಗೆ ಯಾರು ಜವಾಬ್ದಾರಿ?"

ಅಧಿಕಾರಿ ಕುರ್ಚಿಯಲ್ಲಿ ಹಿಂದಕ್ಕೆ ಒರಗಿದರು. "ಸದ್ಭಾವನೆಯಿಂದ ಮಾಡಿದ ಕೆಲಸಕ್ಕ ನಮ್ಮ ಮ್ಯಾಲ ಕೇಸ್ ಹಾಕಾಕ ಬರಂಗಿಲ್ಲ ಅಕ್ಕೋರ. ಕಾಯ್ದೆದಾಗೇ ಅದ."

ಅತ್ತೆ ಚಹಾದ ಕಪ್ಪು ಕೆಳಗಿಟ್ಟಳು. "ಮಾಡಿದ ಕೆಲಸಕ್ಕ ಅಂದ್ರಿ. ಖರೆ. ಯಾವ ಕೆಲಸ ಮಾಡೀರಿ?"

ಅವರು ಫ್ಯಾನಿನ ಕಡೆ ನೋಡಿದರು. ಅದಾದರೂ ಏನೋ ಮಾಡುತ್ತಿತ್ತು.

"ಮಾಡಲಾರದ ಕೆಲಸಕ್ಕೂ ಸದ್ಭಾವನಾ ಇರ್ತದೇನ್ರಿ?"

ಇಲ್ಲಿಗೆ ಅತ್ತೆ ಗೆದ್ದಳು ಎಂದು ನಾನು ಛತ್ರಿ ಎತ್ತಿಕೊಂಡೆ. ಆದರೆ ಅಧಿಕಾರಿ ಕಾಶಿಬಾಯಿಯತ್ತ ತಿರುಗಿ, ಬಹಳ ಮೆತ್ತಗೆ ಕೇಳಿದರು: "ಉಳಿದ ರೊಟ್ಟಿ ಏನ್ ಮಾಡ್ತೀಯಮ್ಮ?"

"ನಾಯಿಗೋಳಿಗೆ ಹಾಕ್ತೀನ್ರಿ ಸಾಹೇಬ್ರ. ಪಾಪ, ಅವೂ ಜೀವ ಅಲ್ಲೇನ್ರಿ?"

"ನೋಡ್ರಿ ಮತ್ತ. ಅನ್ನ ಹಾಕಿದವ್ರೇ ಮಾಲಕರು. ನಾಯಿ ಈಕಿದೇ ಆಯ್ತು."

ಕಾಶಿಬಾಯಿ ಎದ್ದು ನಿಂತಳು. ಗಾಯದ ಕೈಯನ್ನು ಸೆರಗಿನೊಳಗೆ ಮುಚ್ಚಿಕೊಂಡು, "ತಪ್ಪಾಯ್ತ್ರಿ ಸಾಹೇಬ್ರ, ಇನ್ನ ಹಾಕಂಗಿಲ್ಲ" ಎಂದಳು.

ಕಚ್ಚಿಸಿಕೊಂಡವಳು, ಎರಡು ಬೆರಳಿನ ಬಲ ಕಳೆದುಕೊಂಡವಳು, ಊರಿನವರೆಲ್ಲರ ಪರವಾಗಿ ಕ್ಷಮೆ ಕೇಳಿದಳು. ಕೇಳಿಸಿಕೊಂಡವರು ತಲೆಯಾಡಿಸಿ ಕ್ಷಮಿಸಿಯೂ ಬಿಟ್ಟರು! ಅತ್ತೆ ಕಾಶಿಬಾಯಿಯ ಎಡಗೈ ಹಿಡಿದು ಹೊರನಡೆದಳು. ಎದುರಿನವರ ಮಾತು ತಿದ್ದದೆ ಅವಳು ಹೊರಟದ್ದನ್ನು ನಾನು ಅವತ್ತೇ ಮೊದಲು ನೋಡಿದ್ದು.

ಅಲ್ಲಿಂದ ನೇರವಾಗಿ ವಕೀಲರ ಮನೆಗೆ. ವಕೀಲರು ಅತ್ತೆಯ ಹಳೆಯ ವಿದ್ಯಾರ್ಥಿನಿ. ಅತ್ತೆಯನ್ನು ಕಂಡರೆ ಈಗಲೂ ಎದ್ದು ನಿಲ್ಲುತ್ತಾರೆ. "ಮೊದಲ ನೋಟಿಸ್ ಕೊಡಬೇಕ್ರಿ ಅಕ್ಕೋರ. ಆಮ್ಯಾಲ ಅವರ ಅಲಕ್ಷ್ಯದಿಂದಲೇ ಆಗ್ಯದ ಅಂತ ರುಜುವಾತು ಮಾಡಬೇಕು. ಭಾಳ ವರ್ಷ ಹಿಡೀತದ. ಗೆಲ್ತೀವಂತ ಹೇಳಂಗಿಲ್ಲ."

"ಗೆಲ್ಲೂದು ಆಮ್ಯಾಲ. ಮೊದಲ ಕೇಳು," ಎಂದಳು ಅತ್ತೆ.

ನೋಟಿಸು ಹೋಯಿತು. ಪುರಸಭೆಯಿಂದ ಒಂದೇ ಸಾಲಿನ ಉತ್ತರ ಬಂತು: ಪರಿಶೀಲಿಸಿ ಸೂಕ್ತ ಕ್ರಮ ಜರುಗಿಸಲಾಗುವುದು. ಅತ್ತೆ ಕೆಂಪು ಪೆನ್ನು ಹಿಡಿದು, ಆ ಸಾಲಿನ ಕೆಳಗೆ ಗೆರೆ ಎಳೆದು, ಪಕ್ಕದಲ್ಲಿ "ಯಾರು? ಯಾವಾಗ? ಮತ್ತೊಮ್ಮೆ ಬರೆಯಿರಿ" ಎಂದು ಗೀಚಿ ರಿಜಿಸ್ಟರ್ಡ್ ಪೋಸ್ಟಿನಲ್ಲಿ ವಾಪಸು ಕಳಿಸಿದಳು. ವಕೀಲರು ಹಣೆ ಹಣೆ ಬಡಿದುಕೊಂಡರು. ಕೇಸು ಈಗ ಕೋರ್ಟಿನಲ್ಲಿದೆ, ತಾರೀಖಿನಿಂದ ತಾರೀಖಿಗೆ ನಡೆಯುತ್ತಿದೆ. ಕಸದ ಗುಡ್ಡೆಯೂ ಇದೆ, ನಾಯಿಗಳೂ ಇವೆ. ಓಣಿಯ ಮಕ್ಕಳು ಕೈಯಲ್ಲಿ ಕಲ್ಲು ಹಿಡಿದೇ ಶಾಲೆಗೆ ಹೋಗುತ್ತಾರೆ.

ಮೊನ್ನೆ ಬೆಳಿಗ್ಗೆ ಕೋರ್ಟಿನ ತಾರೀಖು ತಿಳಿಸಲು ಅತ್ತೆಯ ಮನೆಗೆ ಹೋದೆ. ಬಾಗಿಲಿಗೆ ಬೀಗ. ಕಾಶಿಬಾಯಿಯ ಮನೆಯಿಂದ ರೊಟ್ಟಿ ಬಡಿಯುವ ಸದ್ದು ಬರುತ್ತಿತ್ತು. ಕೈ ವಾಸಿಯಾಯಿತೇನೋ ಎಂದು ಸಂತೋಷದಿಂದ ಒಳಗೆ ಹೋದೆ.

ಒಲೆಯ ಮುಂದೆ ಕೂತಿದ್ದವಳು ಅತ್ತೆ. ಕೂದಲಿಗೆಲ್ಲ ಜೋಳದ ಹಿಟ್ಟು ಮೆತ್ತಿತ್ತು, ಮೊಣಕೈಯಲ್ಲಿ ಸುಟ್ಟ ಕಲೆ. ಮದುವೆಯಾಗದೆ, ಖಾನಾವಳಿಯ ಡಬ್ಬಿಯಲ್ಲೇ ಉಂಡು ತಲೆ ನರೆತವಳು ಅವಳು. ಎಂದೂ ಹಿಟ್ಟು ಮುಟ್ಟಿದವಳಲ್ಲ.

"ಸಾವಕಾಶ ತಿರುಗಿಸಿ ಬಡೀರಿ ಅಕ್ಕೋರ, ಅಂಚು ಹರಿಲಿಕತ್ತದ," ಎಂದು ಕಾಶಿಬಾಯಿ ಪಕ್ಕದಲ್ಲಿ ಕೂತು ಹೇಳಿಕೊಡುತ್ತಿದ್ದಳು.

"ಹಿಂಗೇನು?" ಎಂದು ಅತ್ತೆ ಸಣ್ಣ ಹುಡುಗಿಯಂತೆ ಕೇಳಿದಳು.

ನಾನು ಬೆರಗಾಗಿ ನಿಂತಿರುವುದನ್ನು ಕಂಡು ಕಾಶಿಬಾಯಿ ನನ್ನ ಬಳಿ ಬಂದು ಪಿಸುಗುಟ್ಟಿದಳು: "ಆಸ್ಪತ್ರೆದಿಂದ ಬಂದಾಗಿಂದ ದಿನಾ ಬರ್ತಾರ್ರಿ. ರೊಟ್ಟಿ ಮೊದಲಿನಂಗಿಲ್ಲ ಅಂತ ಖಾನಾವಳಿಯವ್ರು ಬೈಲಿಕತ್ತಾರ. ಕೈ ನೋಯ್ತದ, ಅದಕ್ಕ ನಾನೇ ಕೆಟ್ಟ ಬಡದೀನಿ ಅಂತ ಅವ್ರಿಗೆ ಹೇಳೀನಿ. ಅಕ್ಕೋರಿಗೆ ಹೇಳಬ್ಯಾಡ್ರಿ."

"ಏನದು ಗುಸುಗುಸು?" ಅತ್ತೆ ತಿರುಗಿ ನೋಡಲಿಲ್ಲ.

"ರೊಟ್ಟಿ ಛಂದ ಮಾಡ್ತೀರಂತ ಹೇಳಲಿಕತ್ತಿದ್ದೆ ಅಕ್ಕೋರ."

ಅತ್ತೆ ಹೊಗೆಯ ನೆಪದಲ್ಲಿ ಕಣ್ಣೊರೆಸಿಕೊಂಡು, ಹಂಚಿನಿಂದ ತೆಗೆದ ರೊಟ್ಟಿಯೊಂದನ್ನು ನನ್ನ ಕಡೆ ಚಾಚಿದಳು. ಒಂದು ಬದಿ ಸೀದಿತ್ತು, ಇನ್ನೊಂದು ಬದಿ ಹಸಿಹಸಿ. ಕಾಶಿಬಾಯಿ ನನ್ನ ಮುಖವನ್ನೇ ನೋಡುತ್ತಿದ್ದಳು. ನಾನು ಅದನ್ನು ಪೂರ್ತಿ ತಿಂದು, ಇನ್ನೊಂದು ಕೇಳಿದೆ.