ದೇವರ ಮಾತು ಮೀರಿದ ಕಾಕಾ

ನಮ್ಮ ಕಾಕಾನಂಥ ದೈವಭಕ್ತ ಇಡೀ ಪುಣೆಯಲ್ಲಿ ಇರಲಿಕ್ಕಿಲ್ಲ. ಅವನಿಂದ ದೇವರಿಗೆ ಆದಷ್ಟು ತ್ರಾಸು ಮತ್ತಾರಿಂದಲೂ ಆಗಿರಲಿಕ್ಕಿಲ್ಲ!

ಧಾರವಾಡದಿಂದ ಬಂದು ಹಡಪಸರದಲ್ಲಿ ನೆಲೆಸಿದ ನನ್ನ ಅಪ್ಪನ ಈ ತಮ್ಮನ ಸಿದ್ಧಾಂತ ಒಂದೇ: ಮನುಷ್ಯನ ಕೈಯಲ್ಲಿ ಏನೂ ಇಲ್ಲ. ಅದಕ್ಕೇ ಎಲ್ಲದಕ್ಕೂ ಗಣಪತಿಯ ಅಪ್ಪಣೆ ಬೇಕು. ಮೂರ್ತಿಯ ಎರಡೂ ಭುಜದ ಮೇಲೆ ಹೂ ಇಟ್ಟು ಕಾಯುತ್ತ ಕೂಡುವನು. ಬಲದ್ದು ಬಿದ್ದರೆ ಹೂಂ, ಎಡದ್ದು ಬಿದ್ದರೆ ಉಹೂಂ. ಮಗಳ ಮದುವೆಗೆ ಕೇಳಲಿ, ಬೇಡ ಎಂದವರಾರು? ಬದನೆಕಾಯಿ ಪಲ್ಯಕ್ಕೂ ಕೇಳಬೇಕೆ? ಒಮ್ಮೆ ಯಾವ ಹೂವೂ ಬೀಳದೆ ಮಧ್ಯಾಹ್ನವಾಯಿತು. ಹಸಿದ ಅವನ ಹೆಂಡತಿ, ನಮ್ಮ ಕಾಕು, ಫ್ಯಾನ್ ಹಾಕಿದಳು. ಎರಡೂ ಹಾರಿಹೋದವು!

"ಏನ್ ಮಾಡಿದಿ ಇದು?"

"ನಾ ಎಲ್ಲಿ ಮಾಡಿದೆ? ನನ್ನ ಕೈಯಾಗ ಏನದರಿ?"

ರಾಂಜಣಗಾಂವದ ಫ್ಯಾಕ್ಟರಿಯಲ್ಲಿ ಬೆಳಗಾವಿ ಕಡೆಯ ಜೊತೆಗಾರನೊಬ್ಬ ಕಳವಿನ ಸುಳ್ಳು ಆರೋಪ ಹೊರಿಸಿ ಕಾಕಾನ ನೌಕರಿ ಹೋಗುವಂತೆ ಮಾಡಿದ. "ದೇವರ ಇಚ್ಛಾ" ಎಂದು ಸುಮ್ಮನಾದ ಕಾಕಾ, ಅವನ ಮುಖ ಮಾತ್ರ ಮತ್ತೆ ನೋಡಲಿಲ್ಲ. ಕೆಲವು ವರ್ಷಗಳ ಮೇಲೆ ಸುದ್ದಿ ಬಂತು: ಆ ಮನುಷ್ಯನಿಗೆ ಲಕ್ವಾ ಹೊಡೆದಿದೆ, ಹೆಂಡತಿ ಕೆಲಸಕ್ಕೆ ಹೋದರೆ ನೋಡುವವರಿಲ್ಲ, ಗಡ್ಡ ಬೆಳೆದು ಗುರುತೇ ಸಿಗದು.

ಹೋಗಿ ನೋಡಲೇ ಎಂದು ಕಾಕಾ ಹೂ ಇಟ್ಟು ಕೂತ. ಎಡದ್ದು ಬಿತ್ತು. ಮತ್ತೆ ಇಟ್ಟ. ಎಡದ್ದೇ! ಎದ್ದವನೇ ರೇಜರು, ಬ್ರಷ್ಷು ಚೀಲಕ್ಕೆ ಹಾಕಿಕೊಂಡ.

ಕಾಕು ಗಾಬರಿಯಾದಳು. "ಬ್ಲೇಡ್ ತೊಗೊಂಡು ಹೊಂಟಾರ, ಏನ್ ಮಾಡ್ತಾರೋ! ನೀನೂ ಹೋಗಪಾ" ಎಂದು ನನ್ನನ್ನು ಸ್ಕೂಟರಿನ ಹಿಂದೆ ಕೂರಿಸಿದಳು.

ದಾರಿಯಲ್ಲಿ ಕೇಳಿದೆ, "ಕಾಕಾ, ದೇವರು ಬ್ಯಾಡ ಅಂದಾನಲ್ಲ?"

"ಅಂದಾನ. ಅವಂದು ಅವ ಹೇಳ್ಯಾನ. ಇದು ನಂದು."

ಆ ಮನೆಯಲ್ಲಿ ಕಾಕಾ ಅವನನ್ನು ದಿಂಬಿಗೆ ಒರಗಿಸಿ ಸಾಬೂನು ಹಚ್ಚಿದ. ಬ್ಲೇಡು ಕೊರಳಿಗೆ ಬಂದಾಗ ನಾನು ಉಸಿರು ಬಿಗಿಹಿಡಿದೆ. ಹಾಸಿಗೆಯಲ್ಲಿದ್ದವನೂ ಹಿಡಿದಿದ್ದ! ಕಾಕಾನ ಕೈ ಹಗುರವಾಗಿ ಸಾಗಿತು. ಅರ್ಧ ಗಡ್ಡ ಮುಗಿದಿತ್ತು, ಆ ಮನುಷ್ಯನ ಕಣ್ಣೀರು ಇಳಿದು ನೊರೆಯಲ್ಲಿ ಸೇರಿತು. ಸೊಟ್ಟಗಾದ ಬಾಯಿ "ತ... ತಪ್ಪು..." ಎಂದು ತೊದಲಿತು.

ಕಾಕಾ ಎಡಗೈಯಿಂದ ಅವನ ಗದ್ದ ಮೆಲ್ಲಗೆ ಹಿಡಿದ.

"ಮಾತಾಡಬ್ಯಾಡ್ರಿ. ಅಲುಗಾಡಿದ್ರ ಕೊಯ್ತದ" ಎಂದ. ಅವನ ದನಿಯೇ ಅಲುಗಾಡುತ್ತಿತ್ತು.