ಚಿಗಳಿಯ ಪರ ಮತ್ತು ವಿರೋಧ

ನಮ್ಮ ಮನೆಯಲ್ಲಿ ಹುಣಸೆ ಚಿಗಳಿ ಹುಟ್ಟಿದ ಬಗೆಗೆ ಒಂದು ಕಥೆ ಇದೆ. ನಾನು ಅದನ್ನು ನಂಬುವುದಿಲ್ಲ. ಅಪ್ಪ ಹೇಳುವ ಪ್ರಕಾರ, ಅವನ ಮುತ್ತಜ್ಜಿ ಒಂದು ಬೇಸಿಗೆಯ ಮಧ್ಯಾಹ್ನ ಗುತ್ತಲದ ಕಡೆಯ ಹೊಲದ ಬದುವಿನಲ್ಲಿ ಕುಳಿತಿದ್ದಳು. ದಾರಿಹೋಕನೊಬ್ಬ ಬಿಸಿಲಿಗೆ ತಲೆ ತಿರುಗಿ ಬಿದ್ದ. ಮುತ್ತಜ್ಜಿ ಸೆರಗಿನ ಗಂಟು ಬಿಚ್ಚಿ, ಹುಣಸೆಹಣ್ಣು, ಬೆಲ್ಲ, ಉಪ್ಪು, ಜೀರಿಗೆ, ಒಣಮೆಣಸಿನಕಾಯಿ ತೆಗೆದು, ಕಲ್ಲಿನ ಮೇಲೆ ಕುಟ್ಟಿ, ಉಂಡೆ ಕಟ್ಟಿ, ಕಡ್ಡಿಗೆ ಸಿಗಿಸಿ ಅವನ ಬಾಯಿಗಿಟ್ಟಳು. ಅವನು ಎದ್ದು ಕುಳಿತು, "ತಾಯಿ, ಇದು ಅಮೃತ" ಅಂದ. ಕೇಳಿದವರೆಲ್ಲ ಇಲ್ಲಿ ತಲೆದೂಗುತ್ತಾರೆ. ನನಗೆ ಮಾತ್ರ ಕುಳಿತಲ್ಲಿ ಕುಳಿತಿರಲಾಗುವುದಿಲ್ಲ. ಯಾವ ಹೆಂಗಸು ಹೊಲಕ್ಕೆ ಹೋಗುವಾಗ ಸೆರಗಿನಲ್ಲಿ ಜೀರಿಗೆ ಕಟ್ಟಿಕೊಂಡು ಹೋಗುತ್ತಾಳೆ? ಬಿದ್ದವನಿಗೆ ಮೊದಲು ನೀರು ಕೊಡುವುದು ಬಿಟ್ಟು ಮೆಣಸಿನಕಾಯಿ ಯಾಕೆ ಕೊಟ್ಟಳು? ಕಡ್ಡಿಯಾದರೂ ಯಾಕೆ? ಪ್ರಜ್ಞೆ ತಪ್ಪಿದವನ ಬಾಯಿಗೆ ಕೈಯಿಂದಲೇ ಇಡಬಹುದಿತ್ತಲ್ಲ? ಇಷ್ಟು ಕೇಳಿದ್ದಕ್ಕೆ ಅಪ್ಪ, "ನಿನಗ ಎಲ್ಲಾದಕ್ಕೂ ಸಾಕ್ಷಿ ಬೇಕು. ನೀ ನನ್ನ ಮಗಳು ಅನ್ನೂದಕ್ಕ ಏನ ಸಾಕ್ಷಿ ಐತಿ ಹೇಳು ನೋಡೂಣು" ಅಂದ. "ಅದಕ್ಕ ಬ್ಯಾರೆ ಸಾಕ್ಷಿ ಬೇಕೇನು? ಆ ವಾದಾ ಸಾಲದೇನು?" ಎಂದು ಅವ್ವ ಅಡುಗೆಮನೆಯಿಂದಲೇ ತೀರ್ಪು ಕೊಟ್ಟಳು.

ನನ್ನ ಸ್ವಭಾವ ಹೀಗಾಗಲು ಕಾರಣವೂ ಇದೆ. ಕಾಲೇಜಿನ ದಿನಗಳಲ್ಲಿ ನಾನು ಊರೂರು ಸುತ್ತಿ ಚರ್ಚಾಸ್ಪರ್ಧೆಗಳಲ್ಲಿ ಮಾತಾಡಿದವಳು. ಈಗ ಹಾವೇರಿಯ ಕಾಲೇಜೊಂದರಲ್ಲಿ ಪಾಠ ಹೇಳುತ್ತ, ಮಕ್ಕಳನ್ನೂ ಅದೇ ಹಾಳು ಚಟಕ್ಕೆ ತಯಾರು ಮಾಡುತ್ತಿದ್ದೇನೆ. ಅಲ್ಲಿ ನಮಗೆ ಸ್ವಂತ ಅಭಿಪ್ರಾಯ ಇರುವಂತಿಲ್ಲ. ಚೀಟಿ ಎತ್ತಿದಾಗ ಪರ ಬಂದರೆ ಪರ, ವಿರೋಧ ಬಂದರೆ ವಿರೋಧ. ಎದುರಿಗೆ ನಿಂತವರು ಏನು ಹೇಳುತ್ತಾರೋ ಅದು ತಪ್ಪು ಎಂದು ತೋರಿಸಿದರೆ ಮುಗಿಯಿತು, ಗಂಟೆ ಬಾರಿಸುತ್ತಾರೆ, ಕುಳಿತುಕೊಳ್ಳಬಹುದು. ಮನೆಯಲ್ಲಿ ಯಾರೂ ಗಂಟೆ ಬಾರಿಸುವುದಿಲ್ಲ, ಅದೇ ತೊಂದರೆ.

ಆದರೆ ಚಿಗಳಿಯ ಮಾತು ಬಂದರೆ ನಾನು ಚೀಟಿ ಎತ್ತದೆಯೇ ಪರ. ಸಿಹಿಗೆ ಈ ನಾಡಿನಲ್ಲಿ ಏನು ಮರ್ಯಾದೆ, ನೋಡಿ! ಧಾರವಾಡಕ್ಕೆ ಪೇಡೆ, ಬೆಳಗಾವಿಗೆ ಕುಂದಾ. ಅಂಗಡಿಯ ಮೇಲೆ ದೊಡ್ಡ ಬೋರ್ಡು, ಗೋಡೆಯ ಮೇಲೆ ಹಿರಿಯರ ಫೋಟೋ, ಫೋಟೋಕ್ಕೆ ಹಾರ. ಹುಳಿಯ ಮಿಠಾಯಿ ಮಾತ್ರ ಇವತ್ತಿಗೂ ಸಾಲೆಯ ಗೇಟಿನ ಹೊರಗೆ ಬುಟ್ಟಿಯಲ್ಲೇ ಕುಳಿತಿದೆ. ಲಿಂಬಿಹುಳಿ ಪೆಪ್ಪರಮಿಂಟಿನ ಪಾಡೂ ಅಷ್ಟೆ. ಅದರ ಹೆಸರು ನಿಂಬೆಯದು, ಆಕಾರ ಕಿತ್ತಳೆ ತೊಳೆಯದು, ಒಳಗೆ ನಿಂಬೆಯೂ ಇಲ್ಲ ಕಿತ್ತಳೆಯೂ ಇಲ್ಲ. ಇಷ್ಟೊಂದು ಸುಳ್ಳಿದ್ದರೂ ನಾಲಿಗೆಯ ಮೇಲೆ ಇಟ್ಟ ಕ್ಷಣ ಕೆನ್ನೆಯ ಒಳಗೆ ಯಾರೋ ಚಿವುಟಿದ ಹಾಗಾಗುತ್ತದಲ್ಲ, ಅದು ಮಾತ್ರ ಖರೆ. ಪೇಡೆ ತಿಂದವರು ಗೋಡೆಗೆ ಒರಗಿ ಕಣ್ಣು ಮುಚ್ಚುತ್ತಾರೆ. ಚಿಗಳಿ ಚೀಪುವವರು ಒಂದೇ ಕಣ್ಣು ಮುಚ್ಚುತ್ತಾರೆ, ಇನ್ನೊಂದು ಕಣ್ಣಿನಿಂದ ಪಕ್ಕದವರ ಚಿಗಳಿ ಎಷ್ಟು ಉಳಿದಿದೆ ಎಂದು ನೋಡುತ್ತಾರೆ. ಹುಳಿ ತಿಂದು ನೆಮ್ಮದಿಯಾಗಿ ಕುಳಿತವರನ್ನು ನಾನು ಕಂಡಿಲ್ಲ. ಬಹುಶಃ ನನಗೂ ಅದಕ್ಕೂ ಹೊಂದುವುದು ಅದಕ್ಕೇ.

ಇನ್ನು ನಮ್ಮ ಮನೆಯ ಸಂಕಟಕ್ಕೆ ಬರುತ್ತೇನೆ. ಅಪ್ಪನಿಗೆ ಇಬ್ಬರು ಸೋದರಿಯರು. ದೊಡ್ಡಾಕೆ ಗಿರಿಜತ್ತಿ ಹಾವೇರಿಯಲ್ಲಿ, ಸಣ್ಣಾಕೆ ಶಾಂತತ್ತಿ ಬ್ಯಾಡಗಿಯಲ್ಲಿ. ಚಿಗಳಿಯನ್ನು ಮೊದಲು ಮಾಡಿದ್ದು ತಾನೇ ಎಂದು ಇಬ್ಬರೂ ಹೇಳುತ್ತಾರೆ. ಇಬ್ಬರಲ್ಲಿ ಯಾರ ಹೆಸರು ಹೇಳಿದರೂ ಇನ್ನೊಬ್ಬಾಕೆ ಊಟ ಬಿಟ್ಟು ಏಳುತ್ತಾಳೆ. ಅದಕ್ಕೇ ಅಪ್ಪ ಆ ಬಡ ದಾರಿಹೋಕನನ್ನು ಹೊಲದಲ್ಲಿ ಬೀಳಿಸಿದ್ದು ಎಂದು ನನ್ನ ಗುಮಾನಿ. ಹೋಗಲಿ, ಹೆಂಗಸರ ಬಡಾಯಿ ಎಂದು ಬಿಡೋಣವೆಂದರೆ ನಮ್ಮ ಮನೆಯಲ್ಲೊಂದು ರೂಢಿ ಇದೆ. ಬಸುರಿಗೆ ಹೊಸ ಸೀರೆ, ಹೊಸ ರವಿಕೆ ತೊಡಿಸಿ, ಬಯಸಿದ್ದನ್ನೆಲ್ಲ ತಿನ್ನಿಸುವ ಕುಬಸದ ದಿನ, ಹೋಳಿಗೆಗೂ ಮೊದಲು ಆಕೆಯ ಬಾಯಿಗೆ ಚಿಗಳಿ ಇಡಬೇಕು. ಇಡುವಾಕೆ ಚಿಗಳಿ ಹುಟ್ಟಿಸಿದಾಕೆಯೇ ಆಗಿರಬೇಕು. ಹಿಂದೊಮ್ಮೆ ನಮ್ಮ ಚಿಕ್ಕಪ್ಪನ ಸೊಸೆಯ ಕುಬಸದಲ್ಲಿ ಇಬ್ಬರೂ ಡಬ್ಬಿ ಹಿಡಿದು ಬಂದರು. ಗಿರಿಜತ್ತಿಯ ಕೈ ಮುಂದೆ ಹೋಯಿತು. ಶಾಂತತ್ತಿ ಡಬ್ಬಿಯ ಮುಚ್ಚಳ ಹಾಕಿಕೊಂಡು ನೇರ ಬಸ್‌ಸ್ಟ್ಯಾಂಡಿಗೆ ನಡೆದಳು. ಅಂದಿನಿಂದ ಒಬ್ಬಾಕೆ ಇದ್ದ ಕಾರ್ಯಕ್ಕೆ ಇನ್ನೊಬ್ಬಾಕೆ ಇಲ್ಲ.

ಈಗ ರಾಣೆಬೆನ್ನೂರಿನ ನಮ್ಮ ಮನೆಯಲ್ಲಿ ನನ್ನ ಅಕ್ಕ ರೇಖಾಳ ಕುಬಸ. ಅಕ್ಕ ಸಣ್ಣವಳಿದ್ದಾಗ ಅವ್ವನಿಗಿಂತ ಹೆಚ್ಚು ಆ ಇಬ್ಬರ ಸೊಂಟದ ಮೇಲೆಯೇ ಬೆಳೆದವಳು. ಏನು ತಿನ್ನಬೇಕನ್ನಿಸುತ್ತದೆ ಎಂದು ಕೇಳಿದರೆ ಆಕೆ, "ತಿನ್ನಾಕ ಏನೂ ಬ್ಯಾಡ. ಇಬ್ಬರೂ ಅತ್ತಿ ಬಂದು ಒಂದ ಚಾಪಿ ಮ್ಯಾಲೆ ಕುಂದ್ರಬೇಕು. ಅವ್ರು ಬರಲಿಲ್ಲಂದ್ರ ನಾನೂ ಮಣಿ ಮ್ಯಾಲೆ ಕುಂದ್ರೂದಿಲ್ಲ" ಅಂದಳು. ಬಸುರಿಯ ಬಯಕೆ, ಇಲ್ಲ ಅನ್ನುವಂತಿಲ್ಲ. ಅವ್ವ ಆ ರಾತ್ರಿ ಊಟ ಮಾಡಲಿಲ್ಲ. ಬೆಳಿಗ್ಗೆ ನನಗೆ ಫೋನು. "ನೀ ಮಾತಿನಾಕಿ ಅದಿ. ಹೋಗಿ ಇಬ್ಬರನೂ ಒಪ್ಪಿಸು. ಮಾತಾಡಿ ಮಾತಾಡಿ ಕಪ್ ತಂದೀಯಲ್ಲ, ಇಬ್ಬರು ಹೆಣ್ಣಮಕ್ಕಳನ್ನ ತರಾಕ ಆಗೂದಿಲ್ಲೇನು?"

ನನಗೆ ಹುರುಪು ಬಂತು. ಒಪ್ಪಿಸುವುದೇನು, ಇತಿಹಾಸವನ್ನೇ ಇತ್ಯರ್ಥ ಮಾಡಿಬಿಟ್ಟರಾಯಿತು ಎಂದುಕೊಂಡೆ. ಕ್ಲಾಸು ಮುಗಿಸಿ ಸಂಜೆಯೇ ಗಿರಿಜತ್ತಿಯ ಮನೆಗೆ ಹೋದೆ. ಅತ್ತಿ ಹುಣಸೆಹಣ್ಣಿನ ನಾರು ಬಿಡಿಸುತ್ತಿದ್ದಳು. "ಮಾಡಿದಾಕಿ ನಾನ. ಸಾಲಿಗೆ ಹೋಗೂ ಮುಂದ ಒಳ್ಳಾಗ ಹಾಕಿ ಕುಟ್ಟಿ, ಹೊಸಾ ಕಸಬರಿಗಿ ಕಡ್ಡಿ ಮುರಕೊಂಡು ಅದಕ್ಕ ಹಚ್ಚೀನಿ. ಕಸಬರಿಗಿ ಹಾಳ ಮಾಡಿದ್ದಕ್ಕ ನಮ್ಮವ್ವನ ಕೈಲೆ ಹೊಡತಾನೂ ತಿಂದೇನಿ. ನಮ್ಮವ್ವಗ ಹುಳಿ ಅಂದ್ರ ಮದ್ಲ ಆಗತಿದ್ದಿಲ್ಲ, ಹಲ್ಲ ಚುಳುಕ್ ಅಂತಿದ್ವು." ಕಡ್ಡಿಯ ಮೂಲ ಸಿಕ್ಕಿತಲ್ಲ ಎಂದು ಅಲ್ಲಿಗೆ ಎದ್ದು ಬರಬೇಕಿತ್ತು. ಆದರೆ ಎದುರಿಗೆ ಒಬ್ಬರು ಅಷ್ಟು ಖಚಿತವಾಗಿ ಮಾತಾಡುವುದನ್ನು ಕೇಳಿ ನನ್ನ ಕಾಲು ಕುಣಿಯತೊಡಗಿತು. "ಅತ್ತಿ, ಖಾರ ಇಲ್ಲದ್ದು ಬರೇ ಹುಣಸಿ ಉಂಡಿ ಆತು, ಚಿಗಳಿ ಹೆಂಗಾತ್ರಿ? ಆ ಕೆಂಪು ಬಣ್ಣ ಬ್ಯಾಡಗಿ ಮೆಣಸಿನಕಾಯಿದು. ಅಂದ್ರ ಶಾಂತತ್ತಿ ಬ್ಯಾಡಗಿಗೆ ಗಂಡನ ಮನಿಗೆ ನಡಿಯಾಕ ಹೋದ ಮ್ಯಾಲೆ ಅಲ್ಲೇನ್ರಿ ಚಿಗಳಿ ಪೂರ್ತಿ ಆಗಿದ್ದು?" ಅತ್ತಿ ನಾರು ಬಿಡಿಸುವುದನ್ನು ನಿಲ್ಲಿಸಿದಳು. "ಆಕಿ ಲಗ್ನ ಆಗೂದಕಿಂತ ಮದ್ಲ ನಮ್ಮ ಮನಿ ಸಾರು ಬೆಳ್ಳಗ ಇತ್ತೇನವಾ? ಯಾರು ಹೇಳಿ ಕಳಿಸ್ಯಾರ ನಿನಗ? ಚಾ ಕುಡಿ, ಹೋಗು. ನಾ ಕುಬಸಕ್ಕ ಬರೂದಿಲ್ಲ."

ಒಂದು ಕಡೆ ಹೋದದ್ದನ್ನು ಇನ್ನೊಂದು ಕಡೆ ಸರಿಮಾಡೋಣವೆಂದು ರಜೆಯ ದಿನ ಬ್ಯಾಡಗಿಯ ಬಸ್ಸು ಹತ್ತಿದೆ. ಮೆಣಸಿನಕಾಯಿಯ ಹಂಗಾಮು. ಮಾರ್ಕೆಟ್ಟಿನ ಹತ್ತಿರ ಬಂದಂತೆ ಬಸ್ಸಿನಲ್ಲಿದ್ದವರೆಲ್ಲ ಒಬ್ಬೊಬ್ಬರಾಗಿ ಸೀನತೊಡಗಿದರು. ಕಾಗಿನೆಲೆಗೆ ಹೊರಟಿದ್ದ ಅಜ್ಜಿಯೊಬ್ಬಳು ಮಾತ್ರ ಬಾಯಲ್ಲಿ ಲಿಂಬಿಹುಳಿ ಇಟ್ಟುಕೊಂಡು ಆರಾಮಾಗಿದ್ದಳು. ನನಗೂ ಒಂದು ಕೊಟ್ಟಳು. ಅದನ್ನು ಚೀಪುತ್ತ, ಈ ಸಲ ಯಾರನ್ನೂ ಕೆಣಕಬಾರದು ಎಂದು ನನಗೆ ನಾನೇ ತಾಕೀತು ಮಾಡಿಕೊಂಡೆ. ಶಾಂತತ್ತಿ ಬಾಗಿಲಲ್ಲೇ ಶುರು ಮಾಡಿದಳು. "ಗಿರಿಜಕ್ಕಂದು ಏನ ಚಿಗಳಿ? ಹುಳಿ ಬಡದು ಬಾಯಿ ಕೆಡತಿತ್ತು. ನಾ ಈ ಮನಿಗೆ ಬಂದು ಇಲ್ಲೀ ಮೆಣಸಿನಕಾಯಿ ಹಾಕಿ ಕುಟ್ಟಿದ ಮ್ಯಾಲೆ ಅದಕ್ಕ ಬಣ್ಣಾ ಬಂತು, ರುಚಿ ಬಂತು. ನಮ್ಮವ್ವಂತೂ ಹುಳಿ ಇದ್ದ ಡಬ್ಬಿನೂ ಮುಟ್ಟತಿದ್ದಿಲ್ಲ, ಯಾರ ಕಡಿಂದ ಕಲೀಲಿ?" ಹೌದತ್ತಿ ಎಂದಿದ್ದರೆ ಕೆಲಸ ಮುಗಿಯುತ್ತಿತ್ತು. ಹಾವೇರಿಯಲ್ಲಿ ನಾನೇ ಹೇಳಿದ ಮಾತು ಅದು! ಆದರೆ ಈಗ ಅದೇ ಮಾತು ಎದುರಿನ ಪಕ್ಷದ ಬಾಯಲ್ಲಿತ್ತು. "ಬಣ್ಣ ಹಚ್ಚಿದವ್ರು ಮನಿ ಕಟ್ಟಿದಂಗ ಆಗತೈತೇನ್ರಿ ಅತ್ತಿ? ಹುಣಸಿ, ಬೆಲ್ಲ, ಕಡ್ಡಿ, ಎಲ್ಲಾ ಗಿರಿಜತ್ತೀದು. ಮತ್ತ ಮೆಣಸಿನಕಾಯಿನೂ ಬ್ಯಾಡಗಿದಲ್ಲ, ಸಮುದ್ರದ ಆಚಿಂದ ಹಡಗಿನ್ಯಾಗ ಬಂದದ್ದು. ಹುಣಸಿ ಸೈತ ಆಫ್ರಿಕಾದಿಂದ ಬಂದದ್ದು ಅಂತಾರ." ಮೆಣಸಿನಕಾಯಿ ಬ್ಯಾಡಗಿಯದಲ್ಲ ಎಂದು ಬ್ಯಾಡಗಿಯಲ್ಲೇ ನಿಂತು ಹೇಳಿದವಳು ಇತ್ತೀಚೆಗೆ ನಾನೊಬ್ಬಳೇ ಇರಬೇಕು. ಪಕ್ಕದ ಮನೆಯ ಕಿಟಕಿಯೂ ತೆರೆಯಿತು. ಶಾಂತತ್ತಿ ಸೊಂಟದ ಮೇಲೆ ಕೈ ಇಟ್ಟಳು. "ಹುಣಸಿ ಅಲ್ಲಿಂದ ಬಂತು, ಮೆಣಸಿನಕಾಯಿ ಇಲ್ಲಿಂದ ಬಂತು. ಕುಟ್ಟಿ ಕುಟ್ಟಿ ಬೊಬ್ಬಿ ಎದ್ದ ಈ ಕೈ ಯಾವ ಹಡಗಿನ್ಯಾಗ ಬಂದ್ವಬೇ? ಗಿರಿಜಕ್ಕ ಹೇಳಿಕೊಟ್ಟಾಳೇನು ನಿನಗ? ಹೋಗು, ಕುಬಸಾ ಆಕಿ ಕೈಲೇ ಮಾಡಿಸ್ಕೋರಿ."

ಮರಳುವಾಗ ಬಸ್ಸಿನಲ್ಲಿ ಸೀಟು ಸಿಕ್ಕಿದ್ದರೂ ಕುಳಿತುಕೊಳ್ಳಲಾಗಲಿಲ್ಲ. ಹಾವೇರಿಯಲ್ಲಿ ಬ್ಯಾಡಗಿಯ ಪರ, ಬ್ಯಾಡಗಿಯಲ್ಲಿ ಹಾವೇರಿಯ ಪರ. ಎರಡೂ ಕಡೆ ನನ್ನ ವಾದ ಚೆನ್ನಾಗಿಯೇ ಇತ್ತು, ಯಾವ ತೀರ್ಪುಗಾರರೂ ಒಂದು ಅಂಕ ಕಳೆಯುವಂತಿರಲಿಲ್ಲ. ಅಕ್ಕನ ಕುಬಸ ಮಾತ್ರ ಹೋಗಿತ್ತು. ಅವ್ವನಿಗೆ ಏನು ಹೇಳುವುದು? ಊರಿಗೆ ಫೋನು ಮಾಡಲು ಮೊಬೈಲು ತೆಗೆಯುವುದು, ಮತ್ತೆ ಬ್ಯಾಗಿಗೆ ಹಾಕುವುದು, ಇದೇ ಆಯಿತು. ಕೊನೆಗೆ "ಮಾತಾಡಿ ಬಂದೇನಿ" ಎಂದಷ್ಟೇ ಹೇಳಿದೆ. ಅದು ಸುಳ್ಳಲ್ಲ. "ಬರ್ತಾರಂತೇನು?" ಎಂದು ಅವ್ವ ಕೇಳುವಷ್ಟರಲ್ಲಿ ಬಸ್ಸಿನ ಹಾರ್ನು ನನ್ನ ಮಾನ ಉಳಿಸಿತು.

ಕುಬಸದ ದಿನ ಹೆದರುತ್ತಲೇ ರಾಣೆಬೆನ್ನೂರಿನ ಮನೆಯೊಳಗೆ ಕಾಲಿಟ್ಟೆ. ಪಡಸಾಲೆಯಲ್ಲಿ ಚಾಪೆ ಹಾಸಿತ್ತು. ಚಾಪೆಯ ಮೇಲೆ ಗಿರಿಜತ್ತಿ ಕುಳಿತಿದ್ದಳು, ಅವಳ ಮೊಣಕಾಲಿಗೆ ಮೊಣಕಾಲು ತಾಗಿಸಿ ಶಾಂತತ್ತಿ. ಮಧ್ಯೆ ಒಂದೇ ಡಬ್ಬಿ. ನನ್ನನ್ನು ಕಂಡು ಇಬ್ಬರೂ ಒಟ್ಟಿಗೆ ಮುಖ ಆ ಕಡೆ ತಿರುಗಿಸಿದರು. ಅಷ್ಟು ಹೊಂದಾಣಿಕೆಯಿಂದ ಅವರು ಏನನ್ನಾದರೂ ಮಾಡಿದ್ದನ್ನು ನಾನು ಹುಟ್ಟಿದಾಗಿನಿಂದ ನೋಡಿರಲಿಲ್ಲ.

ನಡೆದದ್ದನ್ನು ಅವ್ವ ಅಡುಗೆಮನೆಯಲ್ಲಿ ಪಿಸುಗುಟ್ಟಿದಳು. ನಾನು ಬ್ಯಾಡಗಿಯಿಂದ ಹೊರಟ ಮೇಲೆ ಶಾಂತತ್ತಿಗೆ ಸಿಟ್ಟು ತಡೆಯಲಾಗದೆ, "ಆ ಹುಡಿಗೀನ ನನ್ನ ಮ್ಯಾಲೆ ಛೂ ಬಿಟ್ಟೀಯೇನು?" ಎಂದು ಕೇಳಲು ಅಷ್ಟು ಕಾಲದ ಮೇಲೆ ಗಿರಿಜತ್ತಿಗೆ ಫೋನು ಹಚ್ಚಿದಳಂತೆ. ಗಿರಿಜತ್ತಿ, "ನಾ ಯಾಕ ಬಿಡ್ಲಿ? ಇಲ್ಲಿ ಬಂದು ನಿನ್ನ ಪರ ವಕೀಲಿಕಿ ಮಾಡಿ ಹೋಗ್ಯಾಳ" ಅಂದಳಂತೆ. ಆಮೇಲೆ ಇಬ್ಬರೂ ಬಹಳ ಹೊತ್ತು ಮಾತಾಡಿದರಂತೆ. ವಿಷಯ ಬೇರೆ ಇರಲಿಲ್ಲ, ನಾನೇ. ನನ್ನ ನಾಲಿಗೆ, ನನ್ನ ಓದು, ನನ್ನನ್ನು ಲಗ್ನ ಮಾಡಿಕೊಳ್ಳುವವನ ಹಣೆಬರಹ. ಅದು ಮುಗಿಯುವ ಹೊತ್ತಿಗೆ ಹುಣಸೆ ಯಾರು ತರಬೇಕು, ಮೆಣಸಿನಕಾಯಿ ಯಾರು ತರಬೇಕು ಎಂಬುದೂ ಇತ್ಯರ್ಥವಾಗಿತ್ತು.

ಮುತ್ತೈದೆಯರು ಸೇರಿದರು. ಅಕ್ಕ ಹಸಿರು ಸೀರೆಯುಟ್ಟು ಮಣೆಯ ಮೇಲೆ ಕುಳಿತಳು. ಎರಡು ಬಳೆಯ ಕೈಗಳು ಒಂದೇ ಕಡ್ಡಿ ಹಿಡಿದು ಅವಳ ಬಾಯಿಗೆ ಚಿಗಳಿ ಇಟ್ಟವು. ಅಕ್ಕನ ಒಂದು ಕಣ್ಣು ತಾನಾಗಿ ಮುಚ್ಚಿಕೊಂಡಿತು. ಯಾರೋ ಸೋಬಾನೆ ಎತ್ತಿಕೊಂಡರು. ಹಾಡು ಮುಗಿದಾಗ ಗಿರಿಜತ್ತಿ ಎಲ್ಲರಿಗೂ ಕೇಳುವಂತೆ, "ಇದನ್ನ ನಮ್ಮವ್ವ ನಮ್ಮಿಬ್ಬರನೂ ಕೂಡಿಸಿಕೊಂಡು ಕಲಿಸಿದ್ಲು" ಅಂದಳು. "ಹೌದು, ಒಂದ ಒಳ್ಳಿನ ಮುಂದ ಕುಂದ್ರಿಸಿ" ಎಂದು ಶಾಂತತ್ತಿ ಸೇರಿಸಿದಳು. ಹಲ್ಲು ಚುಳುಕ್ ಅನ್ನುತ್ತಿದ್ದ ಅವರ ಅವ್ವ! ಹುಳಿ ಇದ್ದ ಡಬ್ಬಿಯನ್ನೂ ಮುಟ್ಟದ ಅವ್ವ! ಬಾಗಿಲ ಹತ್ತಿರ ನಿಂತ ಅಪ್ಪ, ತನ್ನ ದಾರಿಹೋಕನನ್ನು ಅಲ್ಲೇ ಹೊಲದಲ್ಲಿ ಸಾಯಲು ಬಿಟ್ಟು, ಹೌದೆಂದು ತಲೆಯಾಡಿಸಿದ. ನನ್ನ ಗಂಟಲಿನವರೆಗೆ ಮಾತು ಬಂತು. ಎರಡು ಊರಿನ ಹೇಳಿಕೆಗಳು ನನ್ನ ಹತ್ತಿರ ಇದ್ದವು, ಒಂದಕ್ಕೊಂದು ತಾಳೆಯಾಗುವ ಒಂದೇ ಒಂದು ಸಂಗತಿಯನ್ನೇ ಇವರು ಸುಳ್ಳು ಮಾಡಿದ್ದರು. ಅಕ್ಕ ತೆರೆದಿದ್ದ ಇನ್ನೊಂದು ಕಣ್ಣಿನಿಂದ ನನ್ನನ್ನು ನೋಡಿದಳು. ಬಾಯಿ ಮುಚ್ಚಿಕೊಂಡೆ. ಅದು ಎಷ್ಟು ಕಷ್ಟದ ಕೆಲಸ ಎಂಬುದು ಮಾತಾಡಿಯೇ ಬಹುಮಾನ ಪಡೆದವರಿಗೆ ಮಾತ್ರ ಗೊತ್ತು.

ಡಬ್ಬಿ ಕೈಯಿಂದ ಕೈಗೆ ಹೋಯಿತು. ನನ್ನ ಸರದಿ ಬಂದಾಗ ಶಾಂತತ್ತಿ ಮುಚ್ಚಳ ಹಾಕಿದಳು. "ಆಕೀಗೆ ಬ್ಯಾಡ. ಆಕಿ ನಾಲಿಗಿ ಮದ್ಲ ಹುಳಿ ಐತಿ." ಇಡೀ ಪಡಸಾಲೆ ನಕ್ಕಿತು, ಎಲ್ಲರಿಗಿಂತ ಜೋರಾಗಿ ಗಿರಿಜತ್ತಿ, ತಂಗಿಯ ಬೆನ್ನಿಗೆ ಗುದ್ದಿ.

ಬಂದವರು ಊಟಕ್ಕೆ ಎದ್ದ ಮೇಲೆ ಅಕ್ಕನ ಪಕ್ಕ ಹೋಗಿ ಕುಳಿತೆ. ಆಕೆ ಚಿಗಳಿ ಚೀಪುತ್ತಲೇ ಇದ್ದಳು. ಹೋಳಿಗೆಯ ಹರಿವಾಣ ಹೊತ್ತು ಹೋಗುತ್ತಿದ್ದ ಅವ್ವ ನಮ್ಮಿಬ್ಬರನ್ನು ನೋಡಿ ನಿಂತು, "ನಾ ನಿಮ್ಮಪ್ಪನ್ನ ಕಳಸೂದಂತಿದ್ದೆ. ಬ್ಯಾಡವಾ, ತಂಗೀನ ಕಳಸು, ಆಕೀನ ಬೇಕು ಅಂತ ಇಕಿನ ಹಟಾ ಹಿಡದ್ಲು. ಚಲೋ ಆತು ನೋಡು" ಎಂದು ಒಳಗೆ ಹೋದಳು. ನಾನು ಅಕ್ಕನ ಕಡೆ ತಿರುಗಿದೆ. ಎಲ್ಲರಿಗಿಂತ ಮೊದಲು ನನ್ನ ಜೊತೆ ವಾದ ಮಾಡಿದವಳು ಅವಳು. ನಾನು ಯಾವಾಗ ಏನು ಹೇಳುತ್ತೇನೆಂದು ನನಗಿಂತ ಚೆನ್ನಾಗಿ ಬಲ್ಲವಳು.

"ಅಕ್ಕಾ, ಖರೇ ಹೇಳು. ನಾ ಇಬ್ಬರನೂ ಒಪ್ಪಿಸಿ ಕರ್ಕೊಂಡ ಬರ್ತೇನಿ ಅಂತ ನನ್ನ ಕಳಿಸಿದ್ಯೋ, ಇಬ್ಬರ ಕೂಡನೂ ಜಗಳಾ ತಗದು ಬರ್ತೇನಿ ಅಂತ ಕಳಿಸಿದ್ಯೋ?"