ಕುಂಕುಮ ಹಚ್ಚಿದ ಮೈಕ್ರೋಸ್ಕೋಪು

ವಿಜ್ಞಾನ ಮತ್ತು ಧರ್ಮ ಎಲ್ಲಿ ಭೇಟಿಯಾಗುತ್ತವೆ ಎಂದು ಅಧ್ಯಯನ ಮಾಡುವುದು ನನ್ನ ನೌಕರಿ. ಧಾರವಾಡ ಬಿಟ್ಟು ನಾಗಪುರಕ್ಕೆ ಬಂದ ಮೇಲೆ ತಿಳಿಯಿತು, ಅವೆರಡೂ ಭೇಟಿಯಾಗುವುದು ಹೆಚ್ಚಾಗಿ ನನ್ನ ತಲೆಯ ಮೇಲೆಯೇ. ವಿಜ್ಞಾನ ವಿಭಾಗದವರು ನನ್ನನ್ನು ಭಟ್ಟ ಎನ್ನುತ್ತಾರೆ, ತತ್ತ್ವಶಾಸ್ತ್ರದವರು ನಾಸ್ತಿಕ ಎನ್ನುತ್ತಾರೆ. ಈ ಎಳೆದಾಟದಲ್ಲಿ ನನ್ನ ಪ್ರೊಫೆಸರ್ ಬಡ್ತಿ ವರ್ಷಗಟ್ಟಲೆ ನೆನೆಗುದಿಗೆ ಬಿದ್ದಿತ್ತು.

ನೆರೆಮನೆ

ನಾಗಪುರದ ಸದರ್ ಬಡಾವಣೆಯಲ್ಲಿ ನಮ್ಮ ಪಕ್ಕದ ಮನೆಯವರು ಹುಬ್ಬಳ್ಳಿ ಕಡೆಯ ರೈಲ್ವೆ ನೌಕರರು. ಒಂದು ದಿನ ಬಂದು, "ಸರ, ನಾಳೆ ಸತ್ಯನಾರಾಯಣ ಪೂಜಾ ಐತಿ. ಭಟ್ಟರು ಸಿಗವಲ್ರು, ನೀವ ಮಾಡಿಸಿಬಿಡ್ರಿ" ಅಂದರು.

"ನಾ ಪೂಜಾ ಮಾಡಂಗಿಲ್ರಿ. ಮಂದಿ ಯಾಕ ಮಾಡ್ತಾರ ಅಂತ ಓದತೀನಿ."

"ಹೋಗ್ಲಿ ಬಿಡ್ರಿ, ವಿಜ್ಞಾನಾನೂ ಓದೀರಲ್ಲ. ನಮ್ಮ ಮಿಕ್ಸರ್ ಬಂದ್ ಬಿದ್ದೈತಿ, ಜಲ್ದಿ ನೋಡ್ರಿ."

ಅದೂ ಬರುವುದಿಲ್ಲ ಎಂದೆ. ಅವರು ನನ್ನನ್ನು ನಿಜವಾದ ಮರುಕದಿಂದ ನೋಡಿದರು. "ಮತ್ತ ಇಷ್ಟ ವರ್ಷ ಏನ್ ಓದಿದ್ರಿ ಸರ?"

ಪ್ರಯೋಗಾಲಯ

ದಸರೆಗೆ ಜೀವಶಾಸ್ತ್ರದ ಗೆಳೆಯರ ಪ್ರಯೋಗಾಲಯಕ್ಕೆ ಹೋಗಿದ್ದೆ. ದೊಡ್ಡ ಮೈಕ್ರೋಸ್ಕೋಪಿಗೆ ಚೆಂಡುಹೂವಿನ ಮಾಲೆ ಹಾಕಿ, ಸ್ವಿಚ್ಚಿನ ಮೇಲೆ ಕುಂಕುಮ ಇಟ್ಟಿದ್ದರು.

"ನಿಮಗೆ ಇದರಲ್ಲಿ ನಂಬಿಕೆ ಇದೆಯೇ?" ಎಂದು ಕೇಳಿದೆ.

"ಛೆ ಛೆ. ಹೋದ ವರ್ಷ ಪೂಜೆ ಮಾಡಲಿಲ್ಲ, ಯಂತ್ರ ಕೆಟ್ಟಿತು."

"ಈ ವರ್ಷ?"

"ಈ ವರ್ಷವೂ ಕೆಟ್ಟಿದೆ. ಆದರೆ ಈ ಸಲ ತಪ್ಪು ನಮ್ಮದಲ್ಲ."

ಸಂದರ್ಶನ

ಮರುವರ್ಷ ಕೊನೆಗೂ ಬಡ್ತಿಯ ಸಂದರ್ಶನಕ್ಕೆ ಕರೆ ಬಂತು. ಈ ಸಲ ತಪ್ಪಿದರೆ ನಿವೃತ್ತಿಯವರೆಗೆ ಇದೇ ಕುರ್ಚಿ. ಹೊರಡುವಾಗ ಹೆಂಡತಿ ಶುಭಶಕುನಕ್ಕೆಂದು ಮೊಸರು ಸಕ್ಕರೆ ಹಿಡಿದು ಬಾಗಿಲಲ್ಲಿ ನಿಂತಳು. ನಾನು ಮುಖ ಸಿಂಡರಿಸಿದೆ. "ನಂಬಿ ತಿನ್ನೋದು ಬ್ಯಾಡ್ರಿ, ಸಂಶೋಧನಾ ಅಂತ ತಿನ್ರಿ" ಅಂದಳು. ತಿಂದೆ.

ಸಮಿತಿಯ ಅಧ್ಯಕ್ಷರು ಹಿರಿಯ ರಸಾಯನಶಾಸ್ತ್ರಜ್ಞರು. "ನಿಮ್ಮ ಸಂಶೋಧನೆಯ ಸಾರ ಏನು?" ಎಂದರು.

"ವಿಜ್ಞಾನಿಗಳೂ ಒಳ್ಳೆಯ ಗಳಿಗೆ ನೋಡುತ್ತಾರೆ ಎಂದು, ಸರ್."

ಅವರು ನಕ್ಕೇಬಿಟ್ಟರು. "ಅದೆಲ್ಲ ನಮ್ಮ ಅಜ್ಜನ ಕಾಲಕ್ಕೆ ಮುಗಿಯಿತು. ಈಗ ಯಾವ ವಿಜ್ಞಾನಿ ಪಂಚಾಂಗ ನೋಡುತ್ತಾನೆ? ಪುರಾವೆ ಎಲ್ಲಿದೆ?"

ಬಡ್ತಿ ಕೈತಪ್ಪಿತು ಎಂದುಕೊಂಡು ಹೊರಗೆ ಕುಳಿತಿದ್ದಾಗ ಮತ್ತೆ ಒಳಗೆ ಕರೆದರು.

"ವಾದ ದುರ್ಬಲ. ಆದರೆ ದುಡಿದಿದ್ದೀರಿ. ನಿಮ್ಮನ್ನು ಪ್ರೊಫೆಸರ್ ಮಾಡಲು ಎಲ್ಲರೂ ಒಪ್ಪಿದ್ದೇವೆ."

ನನ್ನ ಕಣ್ಣು ತುಂಬಿ ಬಂತು. "ಆದೇಶ ಇವತ್ತೇ ಸಿಗುತ್ತದೆಯೇ, ಸರ್?"

ಅಧ್ಯಕ್ಷರು ಪೆನ್ನಿಗೆ ಮುಚ್ಚಳ ಹಾಕಿ, ದನಿ ತಗ್ಗಿಸಿದರು. "ಪಿತೃಪಕ್ಷ ನಡೆಯುತ್ತಿದೆಯಲ್ಲ. ನವರಾತ್ರಿ ಶುರುವಾದ ದಿನ ಸಹಿ ಮಾಡುತ್ತೇನೆ. ನಿಮ್ಮ ಒಳ್ಳೆಯದಕ್ಕೇ ಹೇಳುತ್ತಿದ್ದೇನೆ."

ಅವರು ಕೇಳಿದ ಪುರಾವೆ ಎದುರಿಗೇ ಕುಳಿತಿತ್ತು. ಆದರೆ ಸಹಿ ಬೀಳುವವರೆಗೆ ಅದನ್ನು ಬಾಯಿಬಿಟ್ಟು ಹೇಳುವ ಹಾಗಿರಲಿಲ್ಲ.